ಮೀನಿಗೂ ಒಂದು ಡ್ಯೂಟಿ

ಪೀಣ್ಯದಲ್ಲಿ ಕ್ರೋಮ್ ಪ್ಲೇಟಿಂಗ್ ಮಾಡುವ ಒಂದು ಫ್ಯಾಕ್ಟರಿಗೆ ಮೊನ್ನೆ ಹೋಗಿದ್ದೆ. ಹೆಸರು ಬೇಡ ಬಿಡಿ. ಅಲ್ಲಿ ಮೊದಲು ತೋರಿಸಿದ್ದು ಮೀನಿನ ತೊಟ್ಟಿ. ಇಟಿಪಿ, ಅಂದರೆ ಫ್ಯಾಕ್ಟರಿಯ ಕೊಳಕು ನೀರನ್ನು ಶುದ್ಧ ಮಾಡುವ ಘಟಕದ ಪಕ್ಕದಲ್ಲೇ, ಗಾಜಿನದು. ಮೇಲೆ ‘ಸಂಸ್ಕರಿಸಿದ ನೀರು’ ಅಂತ ಬೋರ್ಡು. ಒಳಗೆ ನಾಲ್ಕು ಕೆಂಪು ಮೀನು, ಒಂದು ಪ್ಲಾಸ್ಟಿಕ್ ಗಿಡ.

“ಮೀನೇ ಆರಾಮಾಗಿದೆ ನೋಡಿ ಸಾರ್” ಎಂದರು ಮ್ಯಾನೇಜರು. ಅಷ್ಟರಲ್ಲಿ ಫೋನ್ ಬಂತು, ಆಚೆ ಹೋದರು.

ಇಟಿಪಿ ಆಪರೇಟರ್ ಮೆಲ್ಲಗೆ ಹೇಳಿದ: “ಇದು ಈ ವರ್ಷದ ಮೂರನೇ ಬ್ಯಾಚು ಸಾರ್.” ತೊಟ್ಟಿಯ ಹಿಂದೆ 20 ಲೀಟರಿನ ಎರಡು ಖಾಲಿ ಕ್ಯಾನ್ ಬಿದ್ದಿದ್ದವು.

“ಕ್ಯಾನ್ ನೀರಲ್ಲೂ ಸಾಯ್ತಾವೇನಪ್ಪಾ?”

“ಹೊಸ ಹುಡುಗ ಒಬ್ಬ ಬಂದಿದ್ದ. ಬೋರ್ಡು ಓದಿ, ನಿಜವಾಗ್ಲೂ ಸಂಸ್ಕರಿಸಿದ ನೀರೇ ಹಾಕಿಬಿಟ್ಟ.”

ಇಟಿಪಿ ಅಂದ್ರೆ ಮಾಯಮಂತ್ರ ಏನಲ್ಲ. ಪ್ಲೇಟಿಂಗಿನ ಹಳದಿ ನೀರಿಗೆ ಆಸಿಡ್ ಹಾಕಿ ಪಿಎಚ್ 2–3ಕ್ಕೆ ಇಳಿಸಬೇಕು, ಮೆಟಾಬೈಸಲ್ಫೈಟ್ ಅನ್ನೋ ಕೆಮಿಕಲ್ ಬೆರೆಸಬೇಕು. ಹಳದಿ ಹೋಗಿ ಹಸಿರಾಗುತ್ತದೆ. ವಿಷದ ಕ್ರೋಮಿಯಂ ಸ್ವಲ್ಪ ಸಾಧುವಾಯಿತು ಅಂತ ಅರ್ಥ. ಆಮೇಲೆ ಸುಣ್ಣ ಹಾಕಿದರೆ ಕೆಸರಾಗಿ ತಳಕ್ಕೆ ಕೂರುತ್ತದೆ. ಮೇಲಿನ ನೀರನ್ನು ಸೋಸಿ ಆರ್‌ಒಗೆ ಬಿಟ್ಟರೆ ಮತ್ತೆ ತೊಳೆಯೋಕೆ ಬರುತ್ತದೆ, ಟ್ಯಾಂಕರ್ ದುಡ್ಡೂ ಉಳಿಯುತ್ತದೆ. ಆದರೆ ಇದಕ್ಕೆ ಕರೆಂಟ್ ಬೇಕು, ಕೆಮಿಕಲ್ ಬೇಕು, ಕೆಸರನ್ನು ಸಾಗಿಸೋಕೂ ಖರ್ಚು. ಮೀನಿಗಾದರೆ ದಿನಕ್ಕೆ ಒಂದು ಚಿಟಿಕೆ ಕಾಳು ಸಾಕು.

ಪಂಪಿನ ಮೇಲೆ ಜೇಡ ಬಲೆ ಕಟ್ಟಿತ್ತು. ಲಾಗ್‌ಬುಕ್ ಮಾತ್ರ ಒಂದು ದಿನವೂ ತಪ್ಪಿಲ್ಲ. ಪಿಎಚ್ 7.2, 7.2, 7.2. ನಾಳೆಯದೂ ಬರೆದಾಗಿತ್ತು.

“ಹಿಂದೆ ಇದ್ದ ಕಂಪನಿ ದೊಡ್ಡದು ಸಾರ್. ಅಲ್ಲಿ ಮೀನಿಲ್ಲ, ಆನ್‌ಲೈನ್ ಮೀಟರು” ಎಂದ ಆಪರೇಟರ್. ಜಾಸ್ತಿ ಕೊಳಕು ಮಾಡುವ 17 ಬಗೆಯ ಉದ್ಯಮಗಳು ಕೊಳಕು ಎಷ್ಟಿದೆ ಅಂತ ಅಳೆಯುವ ಇಂಥ ಮೀಟರ್ ಹಾಕಲೇಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಹೇಳಿದೆ. ಲೆಕ್ಕ ನೇರವಾಗಿ ಮಂಡಳಿಗೇ ಹೋಗುತ್ತದೆ. ಒಳ್ಳೇದೇ ಅಲ್ವಾ?

“ಸೆನ್ಸರ್ ಎಲ್ಲಿಟ್ಟಿದ್ರಪ್ಪಾ?”

“ಬಕೆಟ್‌ನಲ್ಲಿ ಸಾರ್. ವಾರಕ್ಕೊಮ್ಮೆ ನೀರು ಬದಲಾಯಿಸ್ತಿದ್ವಿ.”

ನನಗೆ ಮೀನಿನ ಮೇಲೆ ಗೌರವ ಜಾಸ್ತಿಯಾಯಿತು. ಸುಳ್ಳು ಸಾಕ್ಷಿ ಹೇಳು ಅಂದರೆ ಅದು ಸತ್ತಾದರೂ ಹೋಗುತ್ತದೆ. ಮೀಟರಿಗೆ ಅಷ್ಟೂ ನಾಚಿಕೆಯಿಲ್ಲ.

ಹಾಗಂತ ಬೆಂಗಳೂರಲ್ಲಿ ಮರುಬಳಕೆ ನಡೆಯುತ್ತಿಲ್ಲ ಅನ್ನಬೇಡಿ. ಭರ್ಜರಿಯಾಗಿ ನಡೆಯುತ್ತಿದೆ. ಇಲ್ಲಿಯ ನೀರು ಮೋರಿಗೆ, ಮೋರಿ ವೃಷಭಾವತಿಗೆ, ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ. ನೊರೆ ಸಮೇತ. ಆ ನೀರಲ್ಲಿ ಬೆಳೆದ ತರಕಾರಿ ಟೆಂಪೋ ಹತ್ತಿ ಮತ್ತೆ ನಮ್ಮೂರ ಮಾರ್ಕೆಟ್ಟಿಗೇ ಬರುತ್ತದೆ. ಕರೆಂಟ್ ಬೇಡ, ಕೆಮಿಕಲ್ ಬೇಡ. ಕೊನೆಯ ಫಿಲ್ಟರು ನಮ್ಮ ಕಿಡ್ನಿ.

ಹೊರಡೋ ಹೊತ್ತಿಗೆ ಮೋಡ ಕವಿಯಿತು. ಆಪರೇಟರ್ ಆಕಾಶ ನೋಡಿದ, ಮುಖ ಅರಳಿತು. ಮುಂಗಾರು ಕಂಡ ರೈತನೂ ಅಷ್ಟು ಖುಷಿಪಡಲಿಕ್ಕಿಲ್ಲ.

“ಛತ್ರಿ ಇದ್ಯಾ ಸಾರ್? ಬೇಗ ಹೊರಡಿ. ನಂಗೂ ಹಿಂದ್ಗಡೆ ವಾಲ್ವ್ ಹತ್ರ ಸ್ವಲ್ಪ ಕೆಲಸ ಇದೆ” ಅಂದು ಓಡಿದ.