ಗೋವಿನಜೋಳದ ನಾಡಿನಲ್ಲಿ ಪ್ಯಾಕೆಟ್ ಟ್ಯಾಕೊ

ನಾಲ್ಕು ದಿನವಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಬರೆದುಬಿಡುತ್ತೇನೆ.

ಬೆಳಗಾವಿಯಲ್ಲಿ ಈಚೆಗೆ ಶುರುವಾದ ಮೆಕ್ಸಿಕನ್ ಹೋಟೆಲೊಂದಕ್ಕೆ ಕಳೆದ ಶನಿವಾರ ಮನೆಮಂದಿಯೆಲ್ಲ ಹೋಗಿದ್ದೆವು. ಮಗಳ ಪರೀಕ್ಷೆ ಮುಗಿದಿತ್ತು, ಅವಳದೇ ಆಸೆ. ಹೋಟೆಲಿನ ಹೆಸರು ಹೇಳುವುದಿಲ್ಲ. ಅಲ್ಲಿ ತಟ್ಟೆ ಎತ್ತುವ ಹುಡುಗರ ಹೊಟ್ಟೆಯ ಮೇಲೆ ಹೊಡೆಯುವುದು ನನಗೆ ಬೇಕಿಲ್ಲ, ಅವರು ಪಾಪ ನಗುನಗುತ್ತಲೇ ಬಡಿಸಿದರು.

ಹೊರಗಿನ ಊಟವೆಂದರೆ ಮೂಗು ಮುರಿಯುವ ನಮ್ಮ ಅವ್ವನನ್ನು ಒಪ್ಪಿಸಿ ಕರೆದುಕೊಂಡು ಹೋದವನು ನಾನು. ಬೈಲಹೊಂಗಲದ ಕಡೆಯ ಹೆಣ್ಣುಮಗಳು, ಐವತ್ತು ವರ್ಷ ದಿನವೂ ರೊಟ್ಟಿ ಬಡಿದ ಕೈ. "ಅವ್ವಾ, ಅವರೂ ನಮ್ಮ ಹಾಗೆ ರೊಟ್ಟಿ ತಿನ್ನುವ ಜನ. ನಮ್ಮದು ಬಿಳಿಜೋಳ, ಅವರದು ಗೋವಿನಜೋಳ, ಅಷ್ಟೇ" ಎಂದಿದ್ದೆ. ಆ ರೊಟ್ಟಿ ಹೇಗಿರುತ್ತದೆ ನೋಡೋಣವೆಂದೇ ಅವಳು ಬಂದಿದ್ದಳು.

ಬಂದದ್ದೇನು? ಟ್ಯಾಕೊ, ಅಂದರೆ ಒಳಗೆ ಪಲ್ಯ ಇಟ್ಟು ಮಡಚಿದ ಗೋವಿನಜೋಳದ ರೊಟ್ಟಿ, ಎಂದು ಮೂರು ಹಳದಿ ದೊನ್ನೆಗಳು. ಪ್ಯಾಕೆಟ್ ಒಡೆದು ಇಟ್ಟವು ಎಂಬುದು ಮುಟ್ಟಿದರೆ ಗೊತ್ತಾಗುತ್ತಿತ್ತು. ಮೂರಕ್ಕೂ ಒಂದೇ ಅಚ್ಚು, ಅಂಚಿನಲ್ಲಿ ಒಂದೇ ಬಗೆಯ ಗೆರೆ. ಒಳಗೆ ತಣ್ಣಗಿನ ರಾಜಮಾ, ಪನೀರಿನ ಚೂರು, ಮೇಲೆ ಬೆರಳುದಪ್ಪ ಮೆಯೋನೀಸ್. ಅವ್ವ ಒಂದನ್ನು ಎತ್ತಿ ಕಚ್ಚಿದಳು, ಅದು ನಡುವೆ ಸೀಳಿ ಒಳಗಿನದೆಲ್ಲ ಇಳಕಲ್ ಸೀರೆಯ ಮಡಿಲಿಗೆ ಬಿತ್ತು. ಅವಳು ಏನೂ ಅನ್ನಲಿಲ್ಲ. ಕೈಯಲ್ಲಿ ಉಳಿದ ಚೂರನ್ನು ಮೂಗಿನ ಹತ್ತಿರ ಹಿಡಿದು, "ಇದರ ಎಣ್ಣೆ ಕಮಟಾಗಿದೆ" ಎಂದು ತಟ್ಟೆಯ ಅಂಚಿಗಿಟ್ಟಳು. ಸಾಲ್ಸಾ ಎಂಬ ಅವರ ಖಾರದ ಚಟ್ನಿ ಎಂದು ಕೊಟ್ಟದ್ದು ಸಿಹಿ ಟೊಮೆಟೊ ಸಾಸ್. ಬೆಣ್ಣೆಹಣ್ಣಿನ ಗ್ವಾಕಮೋಲೆ ಎಂದು ಬಂದ ಹಸಿರು ಮುದ್ದೆಯಲ್ಲಿ ಬೆಣ್ಣೆಹಣ್ಣಿನ ರುಚಿಯೇ ಇರಲಿಲ್ಲ. ಬುರಿಟೊ ಬಗ್ಗೆ ಬರೆಯುವಂಥದ್ದೇನಿಲ್ಲ: ಮೈದಾ ಚಪಾತಿಯಲ್ಲಿ ಸುತ್ತಿದ ಫ್ರೈಡ್ ರೈಸ್. ನಾಲ್ವರಿಗೆ 2,140 ರೂಪಾಯಿ.

ದುಡ್ಡು ಕೊಡುವಾಗ ವ್ಯವಸ್ಥಾಪಕರಿಗೆ ಸಮಾಧಾನದಿಂದಲೇ ಹೇಳಿದೆ. ಅವರು, "ಸರ್, ಇಲ್ಲಿಯ ಜನರಿಗೆ ಅಸಲಿ ರುಚಿ ಹಿಡಿಸುವುದಿಲ್ಲ, ಅದಕ್ಕೇ ಬದಲಾಯಿಸಿದ್ದೇವೆ" ಎಂದರು.

ಈ ಮಾತು ನನಗೆ ತಡೆಯಲಾಗುತ್ತಿಲ್ಲ. ಇಲ್ಲಿಯ ಜನ ಎಂದರೆ ಯಾರು? ಹಣ್ಣು ಮೆಣಸಿನಕಾಯಿಯ ರಂಜಕವನ್ನು ವರ್ಷವಿಡೀ ಭರಣಿಯಲ್ಲಿ ಇಟ್ಟುಕೊಂಡು ತಿನ್ನುವವರು. ಕಾಳುಪಲ್ಲೆ ಇಲ್ಲದೆ ರೊಟ್ಟಿ ಮುರಿಯದವರು. ಖಾರ, ಹುಳಿ, ಕಾಳು, ಬಿಸಿ ರೊಟ್ಟಿ: ಮೆಕ್ಸಿಕೋದ ಬಡವರ ಮನೆಯ ಊಟವೂ ಇದೇ. ಅವರು ಸಾಲ್ಸಾ ಅರೆಯುವ ಒರಳೂ ಜ್ವಾಲಾಮುಖಿಯ ಕರಿಕಲ್ಲಿನದು, ನಮ್ಮ ಕರಿಕಲ್ಲಿನ ಹಾಗೆಯೇ. ನಮ್ಮ ಮೆಣಸಿನಕಾಯಿಯ ತವರೂ ಆ ಸೀಮೆಯೇ. ಪೋರ್ಚುಗೀಸರ ಹಡಗು ಹತ್ತಿ ಪಶ್ಚಿಮ ಕರಾವಳಿಗೆ ಬಂದದ್ದು. ಗೋವಾ ನಮಗೆ ಘಟ್ಟ ಇಳಿದರೆ ಸಿಗುವ ಊರು. ಇಂಥ ಜನರ ನಾಲಿಗೆಗೆ ಮೆಕ್ಸಿಕೋದ ರುಚಿ ಹಿಡಿಸುವುದಿಲ್ಲ, ತಣ್ಣಗಿನ ಮೆಯೋನೀಸ್ ಹಿಡಿಸುತ್ತದೆ ಎಂದು ತೀರ್ಮಾನಿಸಿದವರು ಯಾರು?

ಗೋಡೆಯ ಮೇಲೆ ಕಳ್ಳಿಗಿಡ, ದೊಡ್ಡ ಟೋಪಿ, ಬಣ್ಣಬಣ್ಣದ ತಲೆಬುರುಡೆ ಬರೆಸಿದ್ದಾರೆ. ಆ ಬುರುಡೆ ನವೆಂಬರ್ 1 ಮತ್ತು 2ರಂದು ಅವರು ತೀರಿಹೋದ ಹಿರಿಯರನ್ನು ನೆನೆದು ಎಡೆ ಇಡುವ ಹಬ್ಬದ್ದು. ನಮ್ಮ ಮಹಾಲಯ ಅಮಾವಾಸ್ಯೆಯಂಥದ್ದು. ಅದನ್ನು ಕೈ ತೊಳೆಯುವ ಬೇಸಿನ್ನಿನ ಮೇಲೆ ಬರೆಸಿದ್ದು ನನಗೆ ಸರಿ ಕಾಣಲಿಲ್ಲ.

ಅವರ ರೊಟ್ಟಿಯ ಹಿಂದೆ ಒಂದು ದೊಡ್ಡ ವಿದ್ಯೆ ಇದೆ. ಒಣಗಿದ ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ಬಿಟ್ಟು, ಬೆಳಿಗ್ಗೆ ತಿಕ್ಕಿ ತೊಳೆದು, ಹಸಿಯಾಗಿಯೇ ಅರೆಯುತ್ತಾರೆ. ಸುಣ್ಣ ಸಿಪ್ಪೆಯನ್ನು ಸಡಿಲಿಸುತ್ತದೆ, ಹಿಟ್ಟಿಗೆ ಜಿಗಿ ಕೊಡುತ್ತದೆ, ಕಾಳಿನಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವವನ್ನು ಮೈಗೆ ಹತ್ತುವಂತೆ ಮಾಡುತ್ತದೆ. ಯುರೋಪಿನವರು ಗೋವಿನಜೋಳವನ್ನಷ್ಟೇ ಒಯ್ದರು, ಸುಣ್ಣವನ್ನು ಬಿಟ್ಟರು. ಉತ್ತರ ಇಟಲಿಯ ಬಡ ರೈತರು ಅದನ್ನೇ ಉಂಡು ಪೆಲಾಗ್ರಾ ಎಂಬ ರೋಗ ಹತ್ತಿ ಚರ್ಮ ಸುಲಿದು, ಬುದ್ಧಿ ಕೆಟ್ಟು ಸತ್ತರು. ಮೆಕ್ಸಿಕೋದ ಈ ಅಡುಗೆಯನ್ನು ಯುನೆಸ್ಕೋ 2010ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಥದ್ದಕ್ಕೆ ಪ್ಯಾಕೆಟ್ ಒಡೆದು ಸಾಸ್ ಸುರಿದರೆ ಅದು ಆ ಜನರಿಗೂ ಅವಮಾನ, ನಮಗೂ ಅವಮಾನ.

ನಮ್ಮಲ್ಲಿ ಏನು ಕಡಿಮೆ ಇತ್ತು? ಜಿಲ್ಲೆಯ ತುಂಬ ಗೋವಿನಜೋಳ ಬೆಳೆಯುತ್ತಾರೆ. ಒಳ್ಳೆಯ ಬ್ಯಾಡಗಿ ಮೆಣಸಿನಕಾಯಿ ಇದೆ. ರೊಟ್ಟಿ ಬಡಿದು ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳು ಓಣಿಗೊಬ್ಬರಿದ್ದಾರೆ. ಅವರಲ್ಲಿ ಇಬ್ಬರನ್ನು ಅಡುಗೆಮನೆಗೆ ಕರೆದು ಸುಣ್ಣದ ವಿದ್ಯೆ ತೋರಿಸಿದ್ದರೆ ತಿಂಗಳೊಪ್ಪತ್ತಿನಲ್ಲಿ ಪಳಗುತ್ತಿದ್ದರು. ಇಡೀ ಕರ್ನಾಟಕದಲ್ಲಿ ಈ ಊಟವನ್ನು ಚೆನ್ನಾಗಿ ಮಾಡಲು ನಮ್ಮ ಸೀಮೆಗಿಂತ ತಕ್ಕ ಜಾಗ ನನಗೆ ಕಾಣುವುದಿಲ್ಲ.

ಮರುದಿನ ರವಿವಾರಪೇಟೆಯಿಂದ ಒಂದು ಕಿಲೋ ಗೋವಿನಜೋಳ ತಂದೆ. ಕಿಲೋಗೆ ಹತ್ತು ಗ್ರಾಂ ಸುಣ್ಣ ಸಾಕು ಎಂದು ಮಗಳು ಲೆಕ್ಕ ಹೇಳಿದಳು. "ಎಲೆಗೆ ಹಚ್ಚುವ ಸುಣ್ಣವೇ?" ಎಂದು ಅವ್ವ ಬೆರಗಾದಳು. ಒಲೆಯ ಮೇಲೆ ನೀರು ಹಳದಿಯಾಗುತ್ತಿದ್ದಂತೆ ಮಳೆ ಬಿದ್ದ ಹೊಲದಂಥ ವಾಸನೆ ಮನೆಯೆಲ್ಲ ಹಬ್ಬಿತು. ಬೆಳಿಗ್ಗೆ ಅರೆದ ಹಿಟ್ಟಿನ ಮೊದಲ ಎರಡು ರೊಟ್ಟಿ ಅವಳ ಅಂಗೈಯಲ್ಲೇ ಹರಿದವು. ಮೂರನೆಯದು ಹಂಚಿನ ಮೇಲೆ ಉಬ್ಬಿತು. ಅದಕ್ಕೆ ರಂಜಕ ಸವರಿ, ಮಡಕೆಕಾಳಿನ ಪಲ್ಲೆ ಇಟ್ಟು, ನಿಂಬೆಹಣ್ಣು ಹಿಂಡಿ ಮಗಳ ಕೈಗೆ ಕೊಟ್ಟಳು. ಅವಳು ತಿಂದು ಮುಗಿಸುವ ಹೊತ್ತಿಗೆ ನಾಲ್ಕನೆಯದು ಬೇಯುತ್ತಿತ್ತು.

"ಮುಂದಿನ ಸಲ ಇನ್ನೊಂದು ತಾಸು ಹೆಚ್ಚು ನೆನೆಯಲಿ" ಎಂದಳು ಅವ್ವ, ಹಂಚಿನಿಂದ ಕಣ್ಣು ತೆಗೆಯದೆ.