ಡಬ್ಬಿಗೊಂದು ಕುಲಾವಿ

ಡೆನ್ಮಾರ್ಕಿನ ಸುದ್ದಿ ನೀವೂ ಓದಿರುತ್ತೀರಿ. 2025ರ ಡಿಸೆಂಬರ್ 30ಕ್ಕೆ ಅಲ್ಲಿನ ಅಂಚೆ ಸಂಸ್ಥೆ ಪೋಸ್ಟ್‌ನಾರ್ಡ್ ಕೊನೆಯ ಕಾಗದ ತಲುಪಿಸಿ ಕೈತೊಳೆದುಕೊಂಡಿತು. 1624ರಲ್ಲಿ ನಾಲ್ಕನೇ ಕ್ರಿಶ್ಚಿಯನ್ ದೊರೆ ಶುರುಮಾಡಿದ್ದ ಕೆಲಸ ಅದು. ಕಾಗದ ಬರೆಯುವವರೇ ಇಲ್ಲ, ನಾವೇನು ಮಾಡೋಣ ಅಂದರು. ಸುಳ್ಳಲ್ಲ. 2000ನೇ ಇಸವಿಯಿಂದ ಈಚೆಗೆ ಕಾಗದಗಳು ಶೇ 90ರಷ್ಟು ಇಳಿದಿದ್ದವು. ಹಾಗಾಗಿ ಬೀದಿಯ 1,500 ಕೆಂಪು ಅಂಚೆ ಡಬ್ಬಿಗಳನ್ನು ಜೂನ್‌ನಿಂದಲೇ ಕೀಳುತ್ತ ಬಂದರು.

ಕಿತ್ತ ಡಬ್ಬಿಗಳಲ್ಲಿ ಒಂದು ಸಾವಿರವನ್ನು ಮಾರಾಟಕ್ಕಿಟ್ಟರು. ಚೆನ್ನಾಗಿರುವುದಕ್ಕೆ 2,000 ಕ್ರೋನರ್, ಅಲ್ಲಲ್ಲಿ ಸವೆದಿದ್ದಕ್ಕೆ 1,500. ಮೂರೇ ಗಂಟೆಯಲ್ಲಿ ಎಲ್ಲ ಖಾಲಿ!

ಇಷ್ಟು ಪ್ರೀತಿಯನ್ನು ಇವರೆಲ್ಲ ಎಲ್ಲಿ ಬಚ್ಚಿಟ್ಟುಕೊಂಡಿದ್ದರು? ಡಬ್ಬಿಯೊಳಗೆ ಹಾಕಲು ಒಂದು ಕಾಗದ ಇರಲಿಲ್ಲ. ಡಬ್ಬಿಯನ್ನೇ ಮನೆಗೆ ಹೊತ್ತುಕೊಂಡು ಹೋಗಲು ನೂಕುನುಗ್ಗಲು. ಹಸು ಬದುಕಿದ್ದಾಗ ಹಿಡಿ ಹುಲ್ಲು ಹಾಕದವರು, ಸತ್ತ ಮೇಲೆ ಅದರ ಕೊರಳ ಗಂಟೆ ಬಿಚ್ಚಿ ಹಜಾರದಲ್ಲಿ ತೂಗುಹಾಕಿದ ಹಾಗೆ.

ನಾವೇನೂ ಕಡಿಮೆ ಇಲ್ಲ ಬಿಡಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದಾಗ ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಸೂತಕ. ಕೆಂಪು ಡಬ್ಬಿಯ ಫೋಟೋ, ಕೆಳಗೆ ಕಣ್ಣೀರು, ಅದರ ಕೆಳಗೆ ಕೈಮುಗಿದ ಎಮೋಜಿ. ಅವರಲ್ಲಿ ಒಬ್ಬರಾದರೂ ಮಗಳ ಮದುವೆ ಪತ್ರಿಕೆಯನ್ನು ಅಂಚೆಗೆ ಹಾಕಿದವರಲ್ಲ. ಪಿಡಿಎಫ್ ಕಳಿಸಿ, ‘ಇದನ್ನೇ ಖುದ್ದು ಬಂದು ಕರೆದಂತೆ ಭಾವಿಸಿ’ ಅಂದವರು.

ಆದರೂ ಡಬ್ಬಿಯ ಮೇಲೆ ಪ್ರಾಣ ಇಟ್ಟುಕೊಳ್ಳುವುದರಲ್ಲಿ ಬ್ರಿಟನ್ನಿನವರನ್ನು ಮೀರಿಸೋದು ಕಷ್ಟ. ಅವರ ಮೊದಲ ಕಂಬದ ಡಬ್ಬಿ 1852ರಲ್ಲಿ ಜರ್ಸಿ ದ್ವೀಪದಲ್ಲಿ ನಿಂತಿತು. ಸಲಹೆ ಅಂಚೆ ಇಲಾಖೆಯ ಆಂಥನಿ ಟ್ರಾಲಪ್ ಅವರದು. ಕಾದಂಬರಿಕಾರರೂ ಆಗಿದ್ದರಲ್ಲ, ಅವರೇ. 1859ರಲ್ಲಿ ಎಲ್ಲ ಡಬ್ಬಿಗೂ ಹಸಿರು ಬಣ್ಣ ಎಂದು ತೀರ್ಮಾನವಾಯಿತು. ಆ ಹಸಿರು ಸುತ್ತಲಿನ ಹಸಿರಿನಲ್ಲಿ ಎಷ್ಟು ಚೆನ್ನಾಗಿ ಬೆರೆಯಿತೆಂದರೆ, ಜನ ಡಬ್ಬಿ ಕಾಣದೆ ಬಂದು ಡಿಕ್ಕಿ ಹೊಡೆದರು. 1874ರಲ್ಲಿ ಕೆಂಪು ಬಳಿಯಲು ಶುರುಮಾಡಿದರು. ಮುಗಿಸಲು ಹತ್ತು ವರ್ಷ ಹಿಡಿಯಿತು. ನಮ್ಮೂರ ಕಾಂಟ್ರಾಕ್ಟರುಗಳು ಇದನ್ನು ಓದಿ ನೆಮ್ಮದಿಯಿಂದ ಮಲಗಬಹುದು.

ಈ ನಡುವೆ ಇನ್ನೊಂದು ಆಯಿತು. 1879ರಿಂದ ಎರಕ ಹೊಯ್ದ ಡಬ್ಬಿಗಳ ಮೇಲೆ ವಿಕ್ಟೋರಿಯಾ ರಾಣಿಯ ಹೆಸರು ಹಾಕುವುದನ್ನೇ ಮರೆತರು. ‘ಪೋಸ್ಟ್ ಆಫೀಸ್’ ಅಂತಲೂ ಇರಲಿಲ್ಲ. ಸರಿಹೋಗಿದ್ದು 1887ರಲ್ಲಿ. ಸೂರ್ಯ ಮುಳುಗದ ಸಾಮ್ರಾಜ್ಯ ಅಂತೆ. ಅಷ್ಟು ಬೆಳಕಿದ್ದೂ ಎಂಟು ವರ್ಷ ಕಾಣಲಿಲ್ಲ!

ಹೆಸರು ಹಾಕದಿದ್ದರೆ ಇಷ್ಟೇ ಆಗುವುದು. ಹಾಕಿದರೆ ಬಾಂಬು.

ತಮಾಷೆ ಅಲ್ಲ, ಎಡಿನ್‌ಬರೊದ ಇಂಚ್ ಬಡಾವಣೆಯಲ್ಲಿ ನಡೆದದ್ದು. 1952ರ ನವೆಂಬರ್ ಕೊನೆಗೆ ಅಲ್ಲಿ ಹೊಸ ರಾಣಿಯ ಹೆಸರಿನ ಡಬ್ಬಿ ಬಂತು. ಎರಡನೇ ಎಲಿಜಬೆತ್ ಎಂಬ ಗುರುತಿಗೆ ಒಂದು ‘ಇ’, ಒಂದು ‘ಆರ್’, ನಡುವೆ ರೋಮನ್ ಎರಡು. ಸ್ಕಾಟರು ಕೇಳಿದರು: ಈಕೆ ಎರಡನೆಯವಳಾದರೆ ನಮ್ಮ ಮೊದಲನೆಯವಳು ಯಾರಪ್ಪ? ಲೆಕ್ಕ ಸರಿಯೇ. ಮೊದಲನೇ ಎಲಿಜಬೆತ್ ಇಂಗ್ಲೆಂಡಿನ ರಾಣಿ. ಸ್ಕಾಟ್ಲೆಂಡನ್ನು ಆಳಿದವಳೇ ಅಲ್ಲ. ಸರಿ, ಡಬ್ಬಿಗೆ ಟಾರು ಬಿತ್ತು. ಸುತ್ತಿಗೆ ಏಟು ಬಿತ್ತು. ಫೆಬ್ರವರಿಯಲ್ಲಿ ಯಾರೋ ಸ್ಫೋಟಕ ಇಟ್ಟು ಡಬ್ಬಿಯನ್ನೇ ಉಡಾಯಿಸಿಬಿಟ್ಟರು. ಪಾಪ, ಮೂರು ತಿಂಗಳ ಬಾಣಂತನವೂ ಮುಗಿದಿರಲಿಲ್ಲ. ಒಂದು ರೋಮನ್ ಅಂಕಿಗೆ ಇಷ್ಟೆಲ್ಲ! ನಮ್ಮಲ್ಲಿ ಬೋರ್ಡಿಗೆ ಮಸಿ ಬಳಿಯುವವರು ಎಂಥ ಸಾಧುಗಳು ಅನಿಸಿತು ನನಗೆ. ಆಮೇಲೆ ಸ್ಕಾಟ್ಲೆಂಡಿನ ಹೊಸ ಡಬ್ಬಿಗಳಿಗೆ ಅಕ್ಷರವೂ ಬೇಡ, ಅಂಕಿಯೂ ಬೇಡ, ಸ್ಕಾಟ್ಲೆಂಡಿನ ಕಿರೀಟ ಮಾತ್ರ ಸಾಕು ಅಂತಾಯಿತು.

ಐರಿಷರು ಜಾಣರು. 1922ರಲ್ಲಿ ಸ್ವಂತ ಸರ್ಕಾರ ಬಂದಾಗ ಡಬ್ಬಿ ಕೀಳುವ ಗೋಜಿಗೆ ಹೋಗಲಿಲ್ಲ. ರಾಜ ರಾಣಿಯರ ಹೆಸರಿನ ಮೇಲೇ ಹಸಿರು ಬಳಿದರು. ಬ್ರಷ್ಷಿನ ಖರ್ಚಿನಲ್ಲಿ ಕ್ರಾಂತಿ ಮುಗಿಯಿತು. ವಿಕ್ಟೋರಿಯಾ ಮಹಾರಾಣಿ ಇವತ್ತಿಗೂ ಐರ್ಲೆಂಡಿನ ಬೀದಿಗಳಲ್ಲಿ ಹಸಿರು ಸೀರೆ ಉಟ್ಟು ನಿಂತಿದ್ದಾಳೆ.

ಬ್ರಿಟನ್ನಿನಲ್ಲಿ ಈಗ ಸುಮಾರು 1,15,000 ಡಬ್ಬಿಗಳಿವೆ. ಸಿಂಗಾರಕ್ಕೆ ಏನೂ ಕೊರತೆ ಇಲ್ಲ. 2012ರ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಗೆದ್ದವರ ಊರಿನ ಡಬ್ಬಿಗಳಿಗೆ ಚಿನ್ನದ ಬಣ್ಣ. ಹಬ್ಬ ಬಂದರೆ ಊರ ಹೆಂಗಸರು ಉಲ್ಲನ್ನಿನಲ್ಲಿ ಕುಲಾವಿ ಹೆಣೆದು ಡಬ್ಬಿಯ ತಲೆಗೆ ತೊಡಿಸುತ್ತಾರೆ. ಪಾಪ, ಶೀತ ಆಗಬಾರದು ನೋಡಿ. 2024ರಲ್ಲಿ ಗ್ರೇಟ್ ಕೇಂಬೋರ್ನ್ ಎಂಬಲ್ಲಿ ಮೂರನೇ ಚಾರ್ಲ್ಸ್ ಹೆಸರಿನ ಮೊದಲ ಡಬ್ಬಿ ಬಂತು. 2025ರಲ್ಲಿ ಅದಕ್ಕೂ ಒಂದು ಕೈ ಮೇಲೆ. ನೆತ್ತಿಯಲ್ಲಿ ಸೋಲಾರ್ ಫಲಕ, ಬಾರ್‌ಕೋಡ್ ಓದುವ ಕಣ್ಣು, ಪಾರ್ಸೆಲ್ ನುಂಗುವ ಬಾಯಿ. ಇಂಥವು 3,500 ಬರಲಿವೆಯಂತೆ. ಅವರ ಹವಾಮಾನಕ್ಕೆ ಸೋಲಾರ್. ಆ ನಂಬಿಕೆಗೊಂದು ದೊಡ್ಡ ನಮಸ್ಕಾರ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ ಅಂಚೆ ಸಂಸ್ಥೆ ರಾಯಲ್ ಮೇಲ್‌ಗೆ 2.1 ಕೋಟಿ ಪೌಂಡ್ ದಂಡ ಬಿತ್ತು. ಮೊದಲ ದರ್ಜೆಯ ಕಾಗದಗಳಲ್ಲಿ ಶೇ 93 ಮಾರನೇ ದಿನವೇ ತಲುಪಬೇಕಿತ್ತು. ತಲುಪಿದ್ದು ಶೇ 77. ಅಂಚೆ ಚೀಟಿಯ ಬೆಲೆ ಮಾತ್ರ ತಡಮಾಡದೆ 1.70 ಪೌಂಡಿಗೆ ತಲುಪಿತ್ತು. ಎರಡನೇ ದರ್ಜೆಯವಕ್ಕೆ ಜುಲೈನಿಂದ ಶನಿವಾರ ರಜೆ, ಉಳಿದ ವಾರ ದಿನ ಬಿಟ್ಟು ದಿನ. ಮದುಮಗನಿಗೆ ಪೇಟ ಸುತ್ತಿದ್ದಾಯ್ತು, ಬಾಸಿಂಗ ಕಟ್ಟಿದ್ದಾಯ್ತು. ಅವನು ಮಂಟಪಕ್ಕೆ ಬರುವುದು ಮಾತ್ರ ದಿನ ಬಿಟ್ಟು ದಿನ.

ಮತ್ತೆ ಡೆನ್ಮಾರ್ಕಿಗೆ ಬರುತ್ತೇನೆ. 1,500 ಡಬ್ಬಿ ಅಂದೆನಲ್ಲ. ಅದೇ ಘೋಷಣೆಯಲ್ಲಿ ಇನ್ನೊಂದು ಸಂಖ್ಯೆಯೂ ಇತ್ತು. 4,600 ನೌಕರರಲ್ಲಿ ಕೆಲಸ ಹೋಗುವವರು ಎಷ್ಟು ಅಂತ. ಅದೂ 1,500. ಡಬ್ಬಿಗೊಂದು ಆಳು, ಲೆಕ್ಕ ಹೊಂದಿಸಿದ ಹಾಗೆ. ಡಬ್ಬಿಗಳಿಗೆ ಮೂರು ಗಂಟೆಯಲ್ಲಿ ಹೊಸ ಮನೆ ಸಿಕ್ಕಿತು. ಮಾರಿದ ಹಣ ದಾನಕ್ಕೆ ಹೋಯಿತು, ಒಳ್ಳೆಯದೇ. ಆದರೆ ಮಂಜಿನಲ್ಲಿ ಬಂದು ಆ ಡಬ್ಬಿಯ ಬೀಗ ತೆಗೆಯುತ್ತಿದ್ದವನನ್ನು ಕೊಳ್ಳಲು ಯಾರೂ ಸಾಲು ನಿಲ್ಲಲಿಲ್ಲ. ಒಂದು ಕಾಗದಕ್ಕೆ 29 ಕ್ರೋನರ್ ಇತ್ತು, ನಮ್ಮ 350 ರೂಪಾಯಿಗೂ ಜಾಸ್ತಿ. ಅಷ್ಟು ಕೊಟ್ಟು ಯಾರು ಬರೀತಾರೆ? ಬೆಲೆ ಏರಿಸೋದು, ಜನ ಬರ್ತಿಲ್ಲ ಅನ್ನೋದು, ಬಾಗಿಲು ಹಾಕೋದು, ಕೊನೆಗೆ ಬಾಗಿಲನ್ನೇ ನೆನಪಿನ ಕಾಣಿಕೆ ಅಂತ ಮಾರೋದು. ಬಸ್ಸಿಗೂ ಇದೇ, ಸರ್ಕಾರಿ ಶಾಲೆಗೂ ಇದೇ. ನೋಡಿ ನೋಡಿ ಸಾಕಾಗಿದೆ.

ಪೆಸಿಫಿಕ್ ಸಾಗರದ ಗ್ಯಾಲಪಗಸ್‌ನ ಫ್ಲೋರಿಯಾನಾ ದ್ವೀಪದಲ್ಲಿ ಒಂದು ಮರದ ಪೀಪಾಯಿ ಇದೆ. ತಿಮಿಂಗಿಲ ಬೇಟೆಯವರ ಕಾಲದ ಪದ್ಧತಿ. ಚೀಟಿ ಅಂಟಿಸಬೇಕಿಲ್ಲ. ಬಂದವರು ತಮ್ಮ ಕಾರ್ಡು ಹಾಕಿ, ತಮ್ಮೂರ ಕಡೆಯದು ಯಾವುದಾದರೂ ಇದ್ದರೆ ಎತ್ತಿಕೊಂಡು ಹೋಗಿ ಕೈಯಾರೆ ಕೊಡುತ್ತಾರೆ. ಅಲ್ಲಿ ಶೇಕಡಾ ಲೆಕ್ಕ ಇಲ್ಲ, ದಂಡವೂ ಇಲ್ಲ.

ಸುಮ್ನೆ ಬೇರೆಯವರನ್ನು ಆಡಿಕೊಳ್ಳುವುದು ಯಾಕೆ ಅಂತ ನಾನೂ ಒಂದು 50 ಪೈಸೆಯ ಕಾರ್ಡು ತಂದೆ. ನನ್ನದೇ ವಿಳಾಸ ಬರೆದು ನಮ್ಮ ಬೀದಿ ಕೊನೆಯ ಡಬ್ಬಿಗೆ ಹಾಕಿದೆ. ಹನ್ನೊಂದು ದಿನ ಆಯಿತು. ನಿನ್ನೆ ಹೋಗಿ ನೋಡಿದೆ. ಟ್ಯೂಷನ್ ಪೋಸ್ಟರುಗಳನ್ನೆಲ್ಲ ಕಿತ್ತು, ಡಬ್ಬಿಗೆ ಹೊಸದಾಗಿ ಕೆಂಪು ಬಣ್ಣ ಹೊಡೆದಿದ್ದಾರೆ. ಫಳಫಳ ಹೊಳೆಯುತ್ತಿದೆ. ಕೆಲಸಗಾರ ತುಂಬ ಶ್ರದ್ಧೆಯವನಿರಬೇಕು. ಬೀಗದ ತೂತಿಗೂ ಬಣ್ಣ ತುಂಬಿದ್ದಾನೆ.