ಪುಸ್ತಕ ಕೊಡ್ತೀರೋ, ಹೆದರಿಸ್ತೀರೋ?

ಈಗಷ್ಟೇ ಮೈಸೂರಿನ ಕುವೆಂಪುನಗರದ ನಮ್ಮ ಓದುಗರ ಬಳಗದಿಂದ ಮನೆಗೆ ಬಂದೆ. ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ, ಸಹಿಸಿಕೊಳ್ಳಿ.

ವಿಷಯ ಮತ್ತೆ ಜೀನ್ ವುಲ್ಫ್, ಅದೇ ಅಮೆರಿಕದ ವೈಜ್ಞಾನಿಕ ಕಾದಂಬರಿಕಾರ. (ಹೌದು, ಮತ್ತೆ ಅವನೇ. ಬೇಜಾರಾದವರು ಮುಂದಿನ ಪೋಸ್ಟ್ ನೋಡಿ.) ಹೊಸದಾಗಿ ಬಂದ ಹುಡುಗಿಯೊಬ್ಬಳು ನಾನು ಒಯ್ದಿದ್ದ ಅವನ ಕಾದಂಬರಿ 'ದಿ ಶ್ಯಾಡೋ ಆಫ್ ದಿ ಟಾರ್ಚರರ್' ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು. ಹಿರಿಯರೊಬ್ಬರು ಕೂತಲ್ಲಿಂದಲೇ ಶುರು ಮಾಡಿದರು. "ಅದು ಒಂದ್ಸಲ ಓದಿದ್ರೆ ಅರ್ಥ ಆಗಲ್ಲ ಕಣಮ್ಮಾ. ಮೂರು ಸಲ ಆದ್ರೂ ಓದ್ಬೇಕು. ಮೊದ್ಲು ಯೂಟ್ಯೂಬಲ್ಲಿ ವಿವರಣೆ ನೋಡ್ಕೊಂಡ್ ಬಾ." ಅಷ್ಟಕ್ಕೇ ಬಿಟ್ಟರಾ? ಕಥೆ ಹೇಳುವವನು ಎಲ್ಲೆಲ್ಲಿ ಮುಚ್ಚಿಡುತ್ತಾನೆ, ಕೊನೆಗೆ ಏನಾಗುತ್ತಾನೆ, ಎಲ್ಲ ಒಪ್ಪಿಸಿಬಿಟ್ಟರು. ಅವಳು "ಸರಿ ಸರ್" ಅಂದು ಪುಸ್ತಕ ಮೇಜಿನ ಮೇಲಿಟ್ಟು ಮೊಬೈಲ್ ತೆಗೆದಳು.

ಯಾಕ್ರೀ? ಅವಳೇನು ಪಿಎಚ್‌ಡಿ ಸಂದರ್ಶನಕ್ಕೆ ಬಂದಿದ್ದಳಾ?

ನನಗೆ ಈ ಪುಸ್ತಕ ಸಿಕ್ಕಿದ್ದು ಲ್ಯಾನ್ಸ್‌ಡೌನ್ ಕಟ್ಟಡದ ಹಳೇ ಪುಸ್ತಕದಂಗಡಿಯಲ್ಲಿ. 2012ರಲ್ಲಿ ಆ ಕಟ್ಟಡದ ಒಂದು ಭಾಗ ಕುಸಿಯಿತಲ್ಲ, ಅದಕ್ಕೂ ಮುಂಚೆ. ಅಂಗಡಿಯವರು ದುಡ್ಡು ಎಣಿಸಿಕೊಂಡರೇ ಹೊರತು ಎಷ್ಟು ಸಲ ಓದಬೇಕು ಅಂತ ಹೇಳಲಿಲ್ಲ. ಒಳಗೆ ಅಲ್ಲಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಗೀಚಿದ್ದರು. ಕಥೆಯಲ್ಲಿ ಒಂದು ಕಡೆ ಹಳೇ ಚಿತ್ರಗಳನ್ನು ಶುಚಿ ಮಾಡುವ ಮುದುಕ ಬರುತ್ತಾನೆ. ಅವನ ಮುಂದಿರುವ ಚಿತ್ರದಲ್ಲಿ ಬಟಾಬಯಲು. ಅಲ್ಲಿ ಕವಚ ತೊಟ್ಟ ಒಬ್ಬ ನಿಂತಿದ್ದಾನೆ. ಆಯುಧ ಇಲ್ಲ. ಕೈಯಲ್ಲಿ ಸೆಟೆದು ನಿಂತ ಬಾವುಟ. ಮುಖದ ಮೇಲಿನ ಚಿನ್ನದ ಮುಸುಕಿಗೆ ಕಣ್ಣಿನ ಕಿಂಡಿಯೂ ಇಲ್ಲ, ಎದುರಿನ ಬಯಲೇ ಅದರಲ್ಲಿ ಹೊಳೆಯುತ್ತಿದೆ. ಕಥೆ ಹೇಳುವ ಹುಡುಗನ ಕಣ್ಣಿಗೆ ಅವನು ಯಾವುದೋ ಸತ್ತ ಲೋಕದ ಯೋಧ.

ಆ ಪುಟದ ಅಂಚಿನಲ್ಲಿ ಕನ್ನಡದಲ್ಲಿ ಒಂದೇ ಮಾತು ಬರೆದಿತ್ತು: "ಅರೆರೆ!"

ಏನಪ್ಪಾ ಇದು ಅಂತ ಮತ್ತೆ ಓದಿದೆ. ಆಮೇಲೆ ಹೊಳೆಯಿತು ನೋಡಿ, ಮೈ ಜುಂ ಅಂತು. ಏನು ಅಂತ ನಾನು ಹೇಳಲ್ಲ. 1969ರ ಪೇಪರ್ ಫೋಟೋ ನೆನಪಿರುವವರಿಗೆ ಬೇಗ ಹೊಳೆಯಬಹುದು. ಛೇ, ಅಷ್ಟು ಹೇಳಿದ್ದೂ ಜಾಸ್ತಿಯಾಯಿತು. ಆ ಪೆನ್ಸಿಲ್ ಹಿಡಿದವರು ಯಾರೋ ಗೊತ್ತಿಲ್ಲ, ಆದರೆ ಅದಕ್ಕಿಂತ ಒಳ್ಳೇ ಶಿಫಾರಸು ನನಗೆ ಯಾರೂ ಮಾಡಿಲ್ಲ.

ಕಷ್ಟದ ಲೇಖಕ, ಒಪ್ಪಿದೆ. ಈ ಕಥೆ 1980ರಿಂದ 1983ರೊಳಗೆ ಬಂದ ನಾಲ್ಕು ಭಾಗ, ಇದು ಮೊದಲನೆಯದು. ಸೂರ್ಯನೇ ಆರಿಹೋಗುತ್ತಿರುವ ಕಾಲ. ಚಿತ್ರಹಿಂಸೆ ಕೊಡುವುದೇ ಕಸುಬಾದವರ ನಡುವೆ ಬೆಳೆದ ಸೆವೇರಿಯನ್, ನನಗೆ ಏನೂ ಮರೆಯಲ್ಲ ಅನ್ನುತ್ತಲೇ ಏನೇನೋ ನುಂಗಿಕೊಳ್ಳುತ್ತಾನೆ. ಅದರಲ್ಲಿರುವ ಪದಗಳಿಗೇ ಒಬ್ಬ ಅಭಿಮಾನಿ 1994ರಲ್ಲಿ ನಿಘಂಟು ತಂದಿದ್ದಾನೆ. ಇರಲಿ, ಅದೂ ಪ್ರೀತಿಯೇ. ಆದರೆ ನಿಘಂಟು ತಲೆ ಮೇಲೆ ಹೊತ್ತುಕೊಂಡು ಬಾಗಿಲಲ್ಲಿ ಅಡ್ಡ ನಿಲ್ಲಬೇಡಿ! ಅಂದಹಾಗೆ ವುಲ್ಫ್ ಇಂಜಿನಿಯರ್. ಪ್ರಿಂಗಲ್ಸ್ ಚಿಪ್ಸ್ ಬೇಯಿಸುವ ಯಂತ್ರ ತಯಾರಿಸಿದ್ದರಲ್ಲಿ ಅವನ ಕೈ ಇತ್ತು. ಆ ಚಿಪ್ಸ್ ತಿನ್ನೋಕೆ ಯಾರೂ ವಿವರಣೆ ನೋಡಿಕೊಂಡು ಬರಲ್ಲ, ಅಲ್ವಾ?

ಬರುವಾಗ ಗೆಳೆಯನೊಬ್ಬ ವಾದ ಹೂಡಿದ. "ನಮ್ಮ ಗಮಕದಲ್ಲೂ ವ್ಯಾಖ್ಯಾನ ಇದೆಯಲ್ಲೋ, ಅದು ತಪ್ಪಾ?" ಇದೆ ಮಾರಾಯ. ಆದರೆ ಅಲ್ಲಿ ಮೊದಲು ಪದ್ಯ ಹಾಡ್ತಾರೆ, ಆಮೇಲೆ ಅರ್ಥ ಹೇಳ್ತಾರೆ. ಕುಮಾರವ್ಯಾಸನನ್ನು ಬದಿಗಿಟ್ಟು ಬರೀ ವ್ಯಾಖ್ಯಾನ ಕೇಳಿಸಿ ಮನೆಗೆ ಕಳಿಸಿದ ಸಭೆ ಯಾವುದಾದರೂ ಇದ್ದರೆ ಹೇಳು. "ಎಚ್ಚರಿಸದಿದ್ದರೆ ಅರ್ಧಕ್ಕೇ ಬಿಡ್ತಾರೆ" ಅಂದ. ಬಿಡಲಿ! ಅರ್ಧ ಓದಿ ಬಿಟ್ಟವರು ಯಾವತ್ತಾದರೂ ವಾಪಸ್ ಬರಬಹುದು. ಮುಟ್ಟುವ ಮೊದಲೇ ಹೆದರಿದವರು ಬರಲ್ಲ. ಇವರಿಗೆ ಪುಸ್ತಕ ಹಂಚುವುದು ಬೇಕಿಲ್ಲ, ತಾವು ಓದಿದ್ದೇವೆ ಅಂತ ಊರಿಗೆಲ್ಲ ಗೊತ್ತಾಗಬೇಕು, ಅಷ್ಟೇ.

ನಿಜ ಹೇಳಲಾ? ಅರ್ಧ ಸಿಟ್ಟು, ಇನ್ನರ್ಧ ಹೊಟ್ಟೆಕಿಚ್ಚು. ಏನೂ ಗೊತ್ತಿಲ್ಲದೆ ಆ ಪುಟ ತಿರುಗಿಸುವ ಭಾಗ್ಯ ನನಗೆ ಇನ್ನಿಲ್ಲ. ಅವಳಿಗಿತ್ತು. ಸುಮ್ನೆ ಹಾಳು ಮಾಡಿದರು.

ಹೋದ ವರ್ಷ ಇದೇ ಪುಸ್ತಕವನ್ನು ಮಂಡ್ಯದ ನಮ್ಮ ಭಾವನಿಗೆ ಕೊಟ್ಟೆ. ಬ್ಯಾಂಕಿನಿಂದ ನಿವೃತ್ತರಾದವರು, ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಬಿಟ್ಟು ಬೇರೆ ಮುಟ್ಟಿದವರಲ್ಲ. "ಚೆನ್ನಾಗಿದೆ, ಓದಿ ಭಾವ" ಅಂದಿದ್ದೆ, ಅಷ್ಟೇ. ಒಂದು ದಿನ ರಾತ್ರಿ ಹನ್ನೊಂದರ ಮೇಲೆ ಫೋನು.

"ಲೋ, ಹೆಣ ಮುಳುಗ್ಸೋ ಕೆರೆ ಐತಲ್ಲ, ಅದ್ರಿಂದ ಒಬ್ಬಳು ಎದ್ ಬಂದ್ಲು. ತಾನ್ಯಾರು ಅಂತಾನೇ ಗೊತ್ತಿಲ್ಲ ಅವಳ್ಗೆ. ಅಲ್ಲೇ ಒಬ್ಬ ಮುದುಕ ದೋಣೀಲಿ ಹೆಂಡ್ತಿ ಹೆಣ ಹುಡುಕ್ತಾವ್ನೆ. ಏನೋ ಐತೆ ಕಣೋ ಇದ್ರಲ್ಲಿ!"

"ಮುಂದೆ ಓದಿ ಭಾವ."

"ಹೇಳೋ ಅಂದ್ರೆ!"

"ಹೇಳಲ್ಲ."

ಬೈದು ಫೋನ್ ಇಟ್ಟರು. ಈಗ ನಾಲ್ಕನೇ ಭಾಗದಲ್ಲಿದ್ದಾರೆ.

ಮೊದಲ ಭಾಗದ ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ. ಬೇಕಾದವರು ಇನ್‌ಬಾಕ್ಸ್ ಮಾಡಿ, ಸರಸ್ವತಿಪುರಂ ಕಡೆ ಬಂದಾಗ ಒಯ್ಯಿರಿ. ಕೆರೆಯಿಂದ ಎದ್ದವಳು ಯಾರು ಅಂತ ಕಾಮೆಂಟಲ್ಲಿ ಯಾರಾದರೂ ಬರೆದರೆ ಬ್ಲಾಕ್ ಮಾಡ್ತೀನಿ. ತಮಾಷೆ ಅಲ್ಲ.